ಮುಚ್ಚಿಡಿ ಅನ್ನುವವರು, ತೋರಿಸಿ ಅನ್ನುವವರು: ಕತೆಯೊಳಗಿನ ‘ನಾನು’ ಯಾರದ್ದು?

ಕೆಲವು ವರ್ಷಗಳಿಂದ ಎರಡು ಬಗೆಯ ಸುದ್ದಿಗಳು ಒಟ್ಟೊಟ್ಟಿಗೆ ಬರುತ್ತಿವೆ. ಸಲಿಂಗ ಪ್ರೇಮದ ಕತೆಯಿರುವ ಪುಸ್ತಕವನ್ನು ಕವರ್ ಸುತ್ತಿಯೇ ಮಾರಬೇಕಂತೆ, ಅಂಥ ಪುಸ್ತಕ ಓದಿಸುವಾಗ ಮಗುವನ್ನು ತರಗತಿಯಿಂದ ಹೊರಗಿಡಬಹುದಂತೆ, ಕೋರ್ಟೂ ಅದನ್ನೇ ಹೇಳಿತಂತೆ. ಇದು ಒಂದು ಬಗೆ. ಇನ್ನೊಂದು ಬಗೆ ಇದಕ್ಕೆ ಪೂರ್ತಿ ಉಲ್ಟಾ. ಇಂಥ ಕತೆ ಬರೆದವರು ಮೊದಲು ತಾವು ಯಾರು ಅಂತ ಹೇಳಲಿ, ಆ ಬದುಕನ್ನು ಬದುಕದವರಿಗೆ ಅದನ್ನು ಬರೆಯುವ ಹಕ್ಕು ಎಲ್ಲಿಂದ ಬಂತು ಎಂದು ಓದುಗರೇ ಪಟ್ಟು ಹಿಡಿಯುವ ಸುದ್ದಿ.

ಗೊಂದಲವಾಗುವುದು ಸಹಜ. ಮೊದಲ ಒತ್ತಾಯ ಹೆಚ್ಚಾಗಿ ಸಂಪ್ರದಾಯವಾದಿಗಳದ್ದು, ಎರಡನೆಯದು ಹೆಚ್ಚಾಗಿ ಪ್ರಗತಿಪರರದ್ದು. ಈ ಎರಡು ಗುಂಪುಗಳಿಗೂ ಒಂದಕ್ಕೊಂದು ಆಗಿಬರುವುದಿಲ್ಲ. ಆದರೆ ಎರಡರ ಭಾರವೂ ಬೀಳುವುದು ಒಂದೇ ಜಾಗದ ಮೇಲೆ. ‘ನಾನು ಇಂಥವನು’, ‘ನಾನು ಇಂಥವಳು’ ಎಂದು ಊರಿಗೆಲ್ಲ ಸಾರದೆಯೇ, ಒಂದು ಪಾತ್ರದ ಒಳಗೆ ಕೂತು ತನ್ನನ್ನು ತಾನು ಹುಡುಕಿಕೊಳ್ಳಲು ಕತೆ ಒಂದು ಜಾಗ ಕೊಡುತ್ತದೆ. ಬರೆಯುವವರಿಗೂ ಕೊಡುತ್ತದೆ, ಓದುವವರಿಗೂ ಕೊಡುತ್ತದೆ. ಇಕ್ಕಟ್ಟಾಗುತ್ತಿರುವುದು ಆ ಜಾಗ.

ಅಮೆರಿಕದ ಕೋರ್ಟ್ ಹೇಳಿದ್ದೇನು

2025ರ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ ‘ಮಹಮೂದ್ ವಿರುದ್ಧ ಟೇಲರ್’ ಪ್ರಕರಣದಲ್ಲಿ 6–3ರ ಬಹುಮತದಿಂದ ತೀರ್ಪು ಕೊಟ್ಟಿತು. ‘ಅಮೆರಿಕದಲ್ಲಿ ಪುಸ್ತಕ ಬ್ಯಾನ್’ ಎಂದು ಹಲವರು ಅರ್ಥ ಮಾಡಿಕೊಂಡರು. ಆಗಿದ್ದು ಅದಲ್ಲ.

ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮರಿ ಕೌಂಟಿಯ ಶಾಲಾ ಮಂಡಳಿ 2022ರಲ್ಲಿ ಪುಟ್ಟ ಮಕ್ಕಳ ತರಗತಿಗಳಿಗೆ ಕೆಲವು ಚಿತ್ರಕತೆಯ ಪುಸ್ತಕಗಳನ್ನು ಸೇರಿಸಿತು. ಒಂದರಲ್ಲಿ ಹುಡುಗಿಯೊಬ್ಬಳ ಅಚ್ಚುಮೆಚ್ಚಿನ ಅಂಕಲ್ ತನ್ನ ಗೆಳೆಯನನ್ನು ಮದುವೆಯಾಗುತ್ತಾನೆ. ಹುಡುಗಿಯ ಆತಂಕ ಅವನು ಗಂಡಸನ್ನು ಮದುವೆಯಾಗುತ್ತಿದ್ದಾನೆ ಎಂಬುದಲ್ಲ. ಮದುವೆಯಾದ ಮೇಲೆ ಅಂಕಲ್ ತನ್ನನ್ನು ಮರೆತುಬಿಟ್ಟರೆ ಎಂಬುದು. ಮೊದಮೊದಲು, ಬೇಡ ಅಂದ ಪೋಷಕರ ಮಕ್ಕಳು ಆ ಪಾಠದಿಂದ ಹೊರಗಿರಲು ಅವಕಾಶವಿತ್ತು. 2023ರ ಮಾರ್ಚ್‌ನಲ್ಲಿ ಮಂಡಳಿ ಅದನ್ನು ನಿಲ್ಲಿಸಿತು. ಎದ್ದುಹೋಗುವ ಮಕ್ಕಳು ಜಾಸ್ತಿಯಾದರೆ ತರಗತಿ ನಡೆಸುವುದೇ ಕಷ್ಟ, ಜೊತೆಗೆ ಅಂಥದ್ದೇ ಮನೆಯಿಂದ ಬಂದ ಮಗುವಿಗೆ ಅದು ಅವಮಾನ ಎಂಬುದು ಮಂಡಳಿಯ ವಾದ. ಮುಸ್ಲಿಂ, ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಕ್ರೈಸ್ತ ಪೋಷಕರು ಕೋರ್ಟಿಗೆ ಹೋದರು. ಪ್ರಕರಣ ಮುಗಿಯುವ ತನಕ ಪೋಷಕರಿಗೆ ಮುಂಚೆಯೇ ತಿಳಿಸಬೇಕು, ಬೇಡ ಅಂದವರ ಮಕ್ಕಳನ್ನು ಬಿಡಬೇಕು ಎಂದು ಕೋರ್ಟ್ ಹೇಳಿತು. ಅಷ್ಟೇ. ಪುಸ್ತಕ ತೆಗೆಯಿರಿ ಎಂದು ಹೇಳಲಿಲ್ಲ.

ಪೋಷಕರ ವಾದವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಐದಾರು ವರ್ಷದ ಮಗುವಿಗೆ ಮದುವೆ, ಕುಟುಂಬ ಎಂದರೇನು ಎಂದು ಮೊದಲು ಹೇಳಬೇಕಾದವರು ನಾವು, ನಮ್ಮ ನಂಬಿಕೆಗೆ ವಿರುದ್ಧವಾದದ್ದನ್ನು ಸರ್ಕಾರಿ ಶಾಲೆ ಕಡ್ಡಾಯ ಮಾಡಬಾರದು ಎಂಬುದು ಅವರ ಮಾತು. ಮಕ್ಕಳನ್ನು ಬೆಳೆಸುವವರಿಗೆ ಈ ಮಾತಿನ ತೂಕ ಗೊತ್ತು.

ತೊಂದರೆ ಇರುವುದು ತೀರ್ಪಿನ ಆಚೆಗಿನ ಪರಿಣಾಮದಲ್ಲಿ. ಒಂದು ಪುಸ್ತಕ ಓದಿಸುವ ಮುಂಚೆ ಟೀಚರ್ ಪತ್ರ ಕಳಿಸಬೇಕು, ಉತ್ತರಕ್ಕೆ ಕಾಯಬೇಕು, ಎದ್ದುಹೋಗುವ ಮಕ್ಕಳಿಗೆ ಬೇರೆ ಕೆಲಸ ಕೊಡಬೇಕು, ಅವರನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಇನ್ನೊಂದು ಪುಸ್ತಕಕ್ಕೆ ಇದ್ಯಾವುದೂ ಬೇಡ. ಹಾಗಿದ್ದಾಗ ಟೀಚರ್ ಯಾವುದನ್ನು ಕೈಗೆತ್ತಿಕೊಳ್ಳುತ್ತಾರೆ? ಶಾಲೆಗಳು ತಾವಾಗಿಯೇ ಪುಸ್ತಕಗಳನ್ನು ಕೈಬಿಡಬಹುದು ಎಂಬ ಭಯವನ್ನು ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಸೋನಿಯಾ ಸೊಟೊಮಯೊರ್ ಹೇಳಿದ್ದು ಇದಕ್ಕೇ. ಯಾರೂ ನಿಷೇಧಿಸದೆಯೇ ಪುಸ್ತಕವೊಂದು ಕಪಾಟಿನಲ್ಲೇ ಉಳಿದುಹೋಗುವುದು ಹೀಗೆ.

ಪ್ಲಾಸ್ಟಿಕ್ ಸುತ್ತಿದ ಪುಸ್ತಕ

ಹಂಗೇರಿ ಇನ್ನೂ ಮುಂದೆ ಹೋಯಿತು. 2021ರ ಜೂನ್‌ನಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿತು. ಸಲಿಂಗ ಪ್ರೇಮವನ್ನಾಗಲಿ ಲಿಂಗ ಬದಲಾವಣೆಯನ್ನಾಗಲಿ ತೋರಿಸುವ ವಿಷಯ 18 ವರ್ಷದೊಳಗಿನವರ ಕೈಗೆ ಸಿಗಬಾರದು ಎಂಬುದು ಅದರ ತಿರುಳು. ಅದರ ಹಿಂದೆಯೇ ಬಂದ ಸರ್ಕಾರಿ ಆದೇಶ, ಮಕ್ಕಳ ಇಂಥ ಪುಸ್ತಕಗಳನ್ನು ಮುಚ್ಚಿದ ಕವರಿನಲ್ಲೇ ಮಾರಬೇಕು, ಶಾಲೆ ಮತ್ತು ಚರ್ಚುಗಳ 200 ಮೀಟರ್ ಒಳಗೆ ಮಾರಲೇಬಾರದು ಎಂದಿತು. 2023ರ ಜುಲೈನಲ್ಲಿ ದೊಡ್ಡ ಪುಸ್ತಕ ಮಾರಾಟ ಸಂಸ್ಥೆಯೊಂದಕ್ಕೆ 1.2 ಕೋಟಿ ಫೋರಿಂಟ್ ದಂಡ ಬಿತ್ತು. ಇಬ್ಬರು ಶಾಲಾ ಹುಡುಗರು ಒಬ್ಬರನ್ನೊಬ್ಬರು ಇಷ್ಟಪಡುವ ಚಿತ್ರಕತೆ ‘ಹಾರ್ಟ್‌ಸ್ಟಾಪರ್’ ಅನ್ನು ಕವರ್ ಸುತ್ತದೆ ಹದಿಹರೆಯದವರ ಕಪಾಟಿನಲ್ಲಿ ಇಟ್ಟಿದ್ದೇ ತಪ್ಪು.

ಆ ಪ್ಲಾಸ್ಟಿಕ್ ಕವರ್ ಏನು ಮಾಡುತ್ತದೆ ಎಂದು ಸ್ವಲ್ಪ ಯೋಚಿಸಿ. ಪುಸ್ತಕ ಅಲ್ಲೇ ಇದೆ, ದುಡ್ಡು ಕೊಟ್ಟರೆ ಸಿಗುತ್ತದೆ. ಆದರೆ ಅಂಗಡಿಯಲ್ಲಿ ನಿಂತು ಎರಡು ಪುಟ ತಿರುವಿ ನೋಡುವ ಹಾಗಿಲ್ಲ. ತನ್ನ ಬಗ್ಗೆ ತನಗೇ ಇನ್ನೂ ಖಾತ್ರಿಯಿಲ್ಲದ ಹುಡುಗನೊಬ್ಬ ಮಾಡುವುದು ಅದನ್ನೇ ಅಲ್ವಾ? ಅಕ್ಕಪಕ್ಕ ನೋಡಿ, ಎರಡು ಪುಟ ಓದಿ, ವಾಪಸ್ ಇಟ್ಟು, ಮರುದಿನ ಮತ್ತೆ ಬರುವುದು. ಕವರ್ ಸುತ್ತಿದ ಪುಸ್ತಕವನ್ನು ಆಯ್ದು ಕೌಂಟರಿಗೆ ಒಯ್ದರೆ ಅದೇ ಒಂದು ಘೋಷಣೆಯಾಗಿಬಿಡುತ್ತದೆ. ಪುಸ್ತಕ ಮುಚ್ಚಿಡುವ ಕಾನೂನು ಓದುಗನನ್ನು ಬಯಲಿಗೆ ತಂದು ನಿಲ್ಲಿಸುತ್ತದೆ.

‘ಹೋಮೋಸೆಕ್ಷುಯಲ್’ ಎಂಬ ಪದವನ್ನು ಮೊದಲು ಅಚ್ಚಿನಲ್ಲಿ ಬಳಸಿದ್ದೂ ಹಂಗೇರಿಯ ಒಬ್ಬ ಬರಹಗಾರನೇ, ಕಾರೊಯ್ ಕೆರ್ಟ್‌ಬೆನಿ. 1869ರಲ್ಲಿ, ಗಂಡಸರ ನಡುವಿನ ಸಂಬಂಧಕ್ಕೆ ಶಿಕ್ಷೆ ಕೊಡುತ್ತಿದ್ದ ಪ್ರಷ್ಯಾದ ಕಾನೂನಿನ ವಿರುದ್ಧ ಅವನು ಕರಪತ್ರ ಬರೆದ. ಅದರಲ್ಲಿ ತನ್ನ ಹೆಸರು ಹಾಕಲಿಲ್ಲ. ಅಲ್ಲಿಯವರೆಗೆ ಕಾನೂನಿಗೆ, ಧರ್ಮಕ್ಕೆ ಇದೊಂದು ‘ಕೆಲಸ’ವಾಗಿತ್ತು, ಮಾಡಿದರೆ ಪಾಪ ಅಥವಾ ಅಪರಾಧ. ಪದ ಹುಟ್ಟಿದ ಮೇಲೆ ಇದೊಂದು ‘ಜನ’ ಆಯಿತು. ‘ಅವನು ಏನು ಮಾಡಿದ’ ಎಂಬ ಪ್ರಶ್ನೆ ಹೋಗಿ ‘ಅವನು ಯಾರು’ ಎಂಬ ಪ್ರಶ್ನೆ ಬಂತು. ಇವತ್ತಿನ ಜಗಳಗಳೆಲ್ಲ ಈ ಎರಡನೇ ಪ್ರಶ್ನೆಯ ಮಕ್ಕಳು. ತನಗೊಂದು ಹೆಸರು ಸಿಕ್ಕಾಗ ಮನುಷ್ಯನಿಗೆ ಧೈರ್ಯ ಬರುತ್ತದೆ, ಜೊತೆ ಸಿಗುತ್ತದೆ. ಅದೇ ಹೆಸರು ಹಿಡಿದು ಬೇರೆಯವರು ಅವನನ್ನು ಹುಡುಕುವುದೂ ಸುಲಭವಾಗುತ್ತದೆ.

ಪುಟವೇ ಸಾಕ್ಷಿಯಾದಾಗ

ಕತೆಯನ್ನು ಕತೆಗಾರನ ತಪ್ಪೊಪ್ಪಿಗೆಯ ಹಾಗೆ ಓದುವುದು ಹೊಸದಲ್ಲ. 1895ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಆಸ್ಕರ್ ವೈಲ್ಡ್ ನಿಂತಿದ್ದಾಗ, ಎದುರು ಪಕ್ಷದ ವಕೀಲ ಎಡ್ವರ್ಡ್ ಕಾರ್ಸನ್ ಅವನದೇ ಕಾದಂಬರಿಯ ಸಾಲುಗಳನ್ನು ಓದಿ ಪ್ರಶ್ನೆ ಕೇಳಿದ. ಕಾದಂಬರಿಯ ಚಿತ್ರಕಾರ ಒಬ್ಬ ಚೆಲುವ ಹುಡುಗನನ್ನು ಆರಾಧಿಸುತ್ತಾನೆ. ನಿನಗೂ ಹಾಗೆ ಅನ್ನಿಸಿತ್ತೇ ಎಂಬುದು ಪ್ರಶ್ನೆಯ ಧಾಟಿ. ಪಾತ್ರಕ್ಕೆ ಕೇಳಬೇಕಾದ ಪ್ರಶ್ನೆ ಲೇಖಕನ ತಲೆ ಮೇಲೆ ಬಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ವೈಲ್ಡ್‌ಗೆ ಎರಡು ವರ್ಷ ಕಠಿಣ ಶಿಕ್ಷೆಯಾಯಿತು. ಶಿಕ್ಷೆಗೆ ಬೇರೆ ಸಾಕ್ಷಿಗಳಿದ್ದವು ನಿಜ. ಆದರೆ ಬರೆದದ್ದೂ ಸಾಕ್ಷಿಯಾಗಬಹುದು ಎಂಬುದು ಮುಂದಿನ ಲೇಖಕರಿಗೆ ಚೆನ್ನಾಗಿ ಅರ್ಥವಾಯಿತು. ಇ. ಎಂ. ಫಾರ್ಸ್ಟರ್ 1913–14ರಲ್ಲಿ ಬರೆದ ‘ಮೊರಿಸ್’ ಕಾದಂಬರಿ ಅಚ್ಚಾಗಿದ್ದು 1971ರಲ್ಲಿ, ಲೇಖಕ ತೀರಿಕೊಂಡ ಮರುವರ್ಷ. ಅರ್ಧ ಶತಮಾನಕ್ಕೂ ಜಾಸ್ತಿ ಕಾಲ ಹಸ್ತಪ್ರತಿ ಹತ್ತಿರದ ಗೆಳೆಯರ ನಡುವೆ ಮಾತ್ರ ಓಡಾಡಿಕೊಂಡಿತ್ತು.

ನಮ್ಮ ಉಪಖಂಡದ ಉದಾಹರಣೆ ಇನ್ನೂ ಹತ್ತಿರದ್ದು. 1942ರಲ್ಲಿ ಇಸ್ಮತ್ ಚುಗ್ತಾಯಿ ಉರ್ದುವಿನಲ್ಲಿ ‘ಲಿಹಾಫ್’ ಎಂಬ ಕತೆ ಬರೆದರು. ಗಂಡ ಕಣ್ಣೆತ್ತಿಯೂ ನೋಡದ ಬೇಗಂ, ಆಕೆಯ ಮೈ ತಿಕ್ಕುವ ಸೇವಕಿ. ಇದನ್ನೆಲ್ಲ ನಮಗೆ ಹೇಳುವವಳು ಒಬ್ಬ ಪುಟ್ಟ ಹುಡುಗಿ. ರಾತ್ರಿ ಬೇಗಂ ಹೊದ್ದ ರಜಾಯಿಯ ನೆರಳು ಗೋಡೆಯ ಮೇಲೆ ಆನೆಯ ಹಾಗೆ ಅಲ್ಲಾಡುವುದು ಅವಳಿಗೆ ಕಾಣುತ್ತದೆ. ಅವಳಿಗೆ ಭಯ. ಒಳಗೇನು ನಡೆಯುತ್ತಿದೆ ಎಂದು ಅವಳಿಗೆ ಗೊತ್ತಿಲ್ಲ, ಓದುವ ನಮಗೆ ಗೊತ್ತಾಗುತ್ತದೆ. ಅಶ್ಲೀಲತೆಯ ಕೇಸು ಲಾಹೋರಿನ ಕೋರ್ಟಿಗೆ ಬಂದಾಗ ಆರೋಪಿಸಿದವರು ಇಕ್ಕಟ್ಟಿಗೆ ಸಿಕ್ಕಿಕೊಂಡರು. ಇಡೀ ಕತೆಯಲ್ಲಿ ಬೆರಳಿಟ್ಟು ತೋರಿಸಲು ಒಂದು ಅಶ್ಲೀಲ ಪದವೂ ಸಿಗಲಿಲ್ಲ. ಕೇಸು ಬಿದ್ದುಹೋಯಿತು.

ಕೇಸು ಹೋದರೂ ಕತೆ ಚುಗ್ತಾಯಿಯವರ ಬೆನ್ನು ಬಿಡಲಿಲ್ಲ. ಮುಂದೆ ಎಷ್ಟೇ ಬರೆದರೂ ಜನ ಕೇಳುತ್ತಿದ್ದದ್ದು ಅದೊಂದನ್ನೇ ಎಂದು ಅವರು ಬೇಸರಪಟ್ಟುಕೊಂಡದ್ದುಂಟು. ಕತೆಯಲ್ಲಿ ‘ನಾನು’ ಎನ್ನುವವಳು ಏನೂ ಅರಿಯದ ಮಗು. ಆದರೂ ಲೋಕ ಆ ‘ನಾನು’ವನ್ನು ಎತ್ತಿ ಲೇಖಕಿಯ ಮೈಮೇಲೆ ಹೊದಿಸಿತು.

ಒಂದೇ ವರ್ಷ, ಎರಡು ಪುಸ್ತಕ

1928ರ ಇಂಗ್ಲೆಂಡನ್ನು ಸ್ವಲ್ಪ ನಿಂತು ನೋಡಬೇಕು. ಆ ವರ್ಷ ರ‍್ಯಾಡ್‌ಕ್ಲಿಫ್ ಹಾಲ್ ಬರೆದ ‘ದಿ ವೆಲ್ ಆಫ್ ಲೋನ್ಲಿನೆಸ್’ ಬಂತು. ಹೆಣ್ಣನ್ನು ಪ್ರೀತಿಸುವ ಹೆಣ್ಣೊಬ್ಬಳ ಕತೆ. ಅದರಲ್ಲಿ ಅತಿ ‘ದಿಟ್ಟ’ ಸಾಲು ಯಾವುದೆಂದರೆ, ಆ ರಾತ್ರಿ ಅವರಿಬ್ಬರೂ ಬೇರೆಯಾಗಲಿಲ್ಲ ಎಂಬುದು. ಅಷ್ಟೇ. ನವೆಂಬರ್‌ನಲ್ಲಿ ಲಂಡನ್ನಿನ ಮ್ಯಾಜಿಸ್ಟ್ರೇಟ್ ಪುಸ್ತಕ ಅಶ್ಲೀಲವೆಂದು ತೀರ್ಮಾನಿಸಿ ಪ್ರತಿಗಳನ್ನು ನಾಶಮಾಡಲು ಹೇಳಿದ. ಬಳಸಿದ್ದು 1868ರಿಂದ ಬಂದ ‘ಹಿಕ್ಲಿನ್’ ಅಳತೆಗೋಲು. ಕೆಟ್ಟ ಪ್ರಭಾವಕ್ಕೆ ಒಳಗಾಗಬಲ್ಲ ಮನಸ್ಸುಗಳನ್ನು ಬರಹ ಹಾಳುಮಾಡಬಹುದೇ ಎಂಬುದೇ ಅದರ ಪ್ರಶ್ನೆ. ಭಾರತದ ಕೋರ್ಟುಗಳೂ ಇದನ್ನು ಬಹಳ ಕಾಲ ಬಳಸಿದವು. 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಬಿಟ್ಟು, ಇಡೀ ಬರಹವನ್ನು ಇವತ್ತಿನ ಸಮಾಜದ ಕಣ್ಣಿನಿಂದ ನೋಡಬೇಕು ಎಂದಿತು.

ಅದೇ 1928ರ ಅಕ್ಟೋಬರ್‌ನಲ್ಲಿ ವರ್ಜೀನಿಯಾ ವುಲ್ಫ್ ಅವರ ‘ಒರ್ಲ್ಯಾಂಡೊ’ ಬಂತು. ಅದರ ನಾಯಕ ನೂರಾರು ವರ್ಷ ಬದುಕುತ್ತಾನೆ. ನಡುವೆ ಒಂದು ದಿನ ನಿದ್ದೆಯಿಂದ ಎದ್ದಾಗ ಹೆಣ್ಣಾಗಿರುತ್ತಾನೆ. ಹೆಣ್ಣಾದ ಮೇಲೂ ಮನುಷ್ಯ ಅದೇ, ನೆನಪೂ ಅದೇ. ಪುಸ್ತಕವನ್ನು ಅರ್ಪಿಸಿದ್ದು ಲೇಖಕಿ ಪ್ರೀತಿಸಿದ ಹೆಣ್ಣಿಗೆ. ಈ ಪುಸ್ತಕಕ್ಕೆ ಏನೂ ಆಗಲಿಲ್ಲ, ಚೆನ್ನಾಗಿ ಮಾರಾಟವೂ ಆಯಿತು.

ಯಾಕೆ ಹೀಗೆ? ಹಾಲ್ ನೇರವಾಗಿ ಹೇಳಿದರು: ನಾವು ಇದ್ದೇವೆ, ನಮಗೂ ಬದುಕುವ ಹಕ್ಕು ಕೊಡಿ. ವುಲ್ಫ್ ಆಟ ಕಟ್ಟಿದರು. ಹಾಲ್ ಅವರ ಧೈರ್ಯವನ್ನು ಕಡಿಮೆ ಮಾಡುವ ಮಾತಲ್ಲ ಇದು. ಅವರು ಹಾಗೆ ನಿಲ್ಲದೇ ಹೋಗಿದ್ದರೆ ಮುಂದಿನವರಿಗೆ ದಾರಿ ಇರುತ್ತಿರಲಿಲ್ಲ. ಆದರೆ ಓದುತ್ತಾ ಹೋದರೆ ‘ಸ್ವಂತಿಕೆ’ಯ ಬಗ್ಗೆ ಹೆಚ್ಚು ಆಳಕ್ಕಿಳಿಯುವುದು ಎರಡನೇ ಪುಸ್ತಕವೇ. ಹಾಲ್ ಅವರ ನಾಯಕಿಗೆ ತಾನು ಯಾರೆಂದು ವೈದ್ಯಕೀಯ ಪುಸ್ತಕವೊಂದು ಹೇಳಿಕೊಡುತ್ತದೆ. ಒರ್ಲ್ಯಾಂಡೊಗೆ ಯಾರೂ ಹೇಳಿಕೊಡುವುದಿಲ್ಲ. ಬಟ್ಟೆ ಬದಲಾದರೆ ಲೋಕ ನೋಡುವ ಬಗೆ ಬದಲಾಗುತ್ತದೆ, ಲೋಕ ನೋಡುವ ಬಗೆ ಬದಲಾದರೆ ತಾನೂ ಸ್ವಲ್ಪ ಬದಲಾಗುತ್ತೇನೆ ಎಂದು ಅವಳೇ ಬದುಕಿ ಕಂಡುಕೊಳ್ಳುತ್ತಾಳೆ.

‘ನೀವು ಯಾರು ಹೇಳಿ’ ಎಂಬ ಒತ್ತಾಯ

ಈಗ ಎರಡನೇ ಬಗೆಯ ಸುದ್ದಿಗೆ ಬರೋಣ. 2015ರಲ್ಲಿ ‘ಓನ್ ವಾಯ್ಸಸ್’ ಎಂಬ ಹ್ಯಾಶ್‌ಟ್ಯಾಗ್ ಶುರುವಾಯಿತು. ತಮ್ಮದೇ ಸಮುದಾಯದ ಬಗ್ಗೆ ತಾವೇ ಬರೆದವರ ಪುಸ್ತಕಗಳನ್ನು ಓದುಗರಿಗೆ ತೋರಿಸಿಕೊಡುವುದು ಅದರ ಉದ್ದೇಶ.

ಇದರ ಹಿಂದೆ ನ್ಯಾಯವಾದ ಸಿಟ್ಟಿತ್ತು. ಸಲಿಂಗಿಗಳ, ಟ್ರಾನ್ಸ್‌ಜೆಂಡರ್ ಜನರ ಕತೆಯನ್ನು ದಶಕಗಟ್ಟಲೆ ಹೊರಗಿನವರೇ ಬರೆದರು. ಅಂಥ ಪಾತ್ರ ಒಂದೋ ಖಳ, ಇಲ್ಲವೇ ನಗಿಸಲು ಬಂದವನು, ಇಲ್ಲವೇ ಕೊನೆಗೆ ಸಾಯುವವನು. 1950ರ ದಶಕದ ಅಮೆರಿಕದ ಅಗ್ಗದ ಪೇಪರ್‌ಬ್ಯಾಕ್‌ಗಳಲ್ಲಿ ಇದು ಹೆಚ್ಚುಕಡಿಮೆ ನಿಯಮವೇ ಆಗಿತ್ತು. ಇಬ್ಬರು ಹೆಂಗಸರು ಪ್ರೀತಿಸಿದರೆ ಕೊನೆಯ ಪುಟದೊಳಗೆ ಒಬ್ಬಳು ಹುಚ್ಚಿಯಾಗಬೇಕು, ಸಾಯಬೇಕು ಅಥವಾ ಗಂಡಸನ್ನು ಮದುವೆಯಾಗಬೇಕು. ಸುಖವಾಗಿ ಮುಗಿಸಿದರೆ ಅಂಚೆ ಇಲಾಖೆ ಪುಸ್ತಕವನ್ನು ತಡೆದೀತು ಎಂದು ಪ್ರಕಾಶಕರಿಗೆ ಹೆದರಿಕೆ. ಇದನ್ನೇ ಓದಿ ಬೆಳೆದ ಓದುಗರಿಗೆ, ನಮ್ಮ ಕತೆ ನಮ್ಮವರಿಂದಲೇ ಬರಲಿ ಅನ್ನಿಸಿದರೆ ಅದರಲ್ಲಿ ಏನು ತಪ್ಪು?

ಜೆ. ಟಿ. ಲೆರಾಯ್ ಪ್ರಕರಣ ಬೇರೆ ಇದೆ. ಬೀದಿಯಲ್ಲಿ ಬೆಳೆದ, ಲಿಂಗದ ಗೆರೆ ದಾಟಿದ ನೊಂದ ಹುಡುಗ ಬರೆದದ್ದು ಎಂದು ಅಮೆರಿಕದಲ್ಲಿ ಕೆಲವು ಪುಸ್ತಕಗಳು ಹೆಸರು ಮಾಡಿದವು. 2005–06ರಲ್ಲಿ ನಿಜ ಹೊರಬಿತ್ತು. ಅಂಥ ಹುಡುಗನೇ ಇರಲಿಲ್ಲ. ಬರೆದವರು ಲಾರಾ ಆಲ್ಬರ್ಟ್ ಎಂಬ ನಡುವಯಸ್ಸಿನ ಹೆಂಗಸು. ಸಭೆಗಳಿಗೆ ವಿಗ್ ಹಾಕಿಕೊಂಡು ಬರುತ್ತಿದ್ದವರು ಆಕೆಯ ಸಂಬಂಧಿ. ಓದುಗರಿಗೆ ಮೋಸವಾದದ್ದು ನಿಜ. ನೋವಿನ ಗುರುತನ್ನೇ ಮಾರಾಟಕ್ಕಿಟ್ಟಾಗ, ಆ ಗುರುತು ನಿಜವೇ ಎಂದು ಕೇಳುವ ಹಕ್ಕು ಕೊಂಡವರಿಗೆ ಬರುತ್ತದೆ.

ಆದರೆ ಸುಳ್ಳು ಹೇಳುವುದು ಬೇರೆ, ಹೇಳದೇ ಇರುವುದು ಬೇರೆ. ‘ಓನ್ ವಾಯ್ಸಸ್’ ಬೇಡಿಕೆ ಹಾಳಾದದ್ದು ಈ ವ್ಯತ್ಯಾಸವನ್ನು ಮರೆತಾಗ. ಬೆಕಿ ಆಲ್ಬರ್ಟಲಿ ಅವರ ಮೊದಲ ಕಾದಂಬರಿ 2015ರಲ್ಲಿ ಬಂತು, 2018ರಲ್ಲಿ ಸಿನಿಮಾ ಆಯಿತು. ಸಲಿಂಗಿ ಹುಡುಗನೊಬ್ಬನ ಕತೆ. ಲೇಖಕಿ ಗಂಡಸನ್ನು ಮದುವೆಯಾಗಿರುವ ಹೆಂಗಸು. ಇವಳಿಗೇನು ಗೊತ್ತು, ನಮ್ಮ ಕತೆ ಕದ್ದು ದುಡ್ಡು ಮಾಡುತ್ತಿದ್ದಾಳೆ ಎಂಬ ಟೀಕೆ ವರ್ಷಗಟ್ಟಲೆ ನಡೆಯಿತು. 2020ರ ಆಗಸ್ಟ್‌ನಲ್ಲಿ ಅವರು ತಾವು ಬೈಸೆಕ್ಷುಯಲ್, ಅಂದರೆ ಗಂಡು ಹೆಣ್ಣು ಇಬ್ಬರ ಕಡೆಗೂ ಒಲವಿರುವವರು, ಎಂದು ಬರೆದರು. ತಾನು ಬಯಸಿದ ಹೊತ್ತಿನಲ್ಲಿ, ಬಯಸಿದ ರೀತಿಯಲ್ಲಿ ಇದನ್ನು ಹೇಳಲು ಆಗಲಿಲ್ಲ ಎಂಬ ನೋವು ಆ ಬರಹದಲ್ಲಿತ್ತು. ಆ ಹುಡುಗನ ಕತೆ ಬರೆಯುತ್ತಲೇ ಅವರು ತಮ್ಮನ್ನೂ ಅರ್ಥಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಲೋಕ ಬಂದು ಬಾಗಿಲು ಬಡಿಯಿತು.

ಇಲ್ಲಿನ ಕಾರಣ–ಪರಿಣಾಮ ಗಮನಿಸಿ. ಹೊರಗಿನವರು ಕೆಟ್ಟದಾಗಿ ಬರೆಯುತ್ತಾರೆ ಎಂಬ ದೂರಿನಿಂದ ಶುರುವಾಯಿತು. ಹಾಗಾದರೆ ಒಳಗಿನವರೇ ಬರೆಯಲಿ ಎಂದಾಯಿತು. ಒಳಗಿನವರು ಯಾರೆಂದು ಹೇಗೆ ಗೊತ್ತಾಗಬೇಕು? ಅವರೇ ಹೇಳಬೇಕು. ಹೇಳದವರು ಹೊರಗಿನವರು ಎಂದು ಲೆಕ್ಕ. ಹೀಗೆ, ಇನ್ನೂ ಹೇಳಿಕೊಳ್ಳಲಾಗದ, ಮನೆಯವರಿಗೆ ಗೊತ್ತಾದರೆ ಬದುಕೇ ಅಲ್ಲಾಡುವ ಜನ, ಅಂದರೆ ಕತೆಯ ಆಸರೆ ಎಲ್ಲರಿಗಿಂತ ಜಾಸ್ತಿ ಬೇಕಾದವರೇ ಬಾಗಿಲಾಚೆ ಉಳಿದರು. ‘ಓನ್ ವಾಯ್ಸಸ್’ ಎಂಬ ಪದವನ್ನು ಹಬ್ಬಿಸಲು ನೆರವಾಗಿದ್ದ ‘ವಿ ನೀಡ್ ಡೈವರ್ಸ್ ಬುಕ್ಸ್’ ಸಂಸ್ಥೆಯೇ 2021ರಲ್ಲಿ ಅದನ್ನು ಬಳಸುವುದನ್ನು ನಿಲ್ಲಿಸಿತು.

ಇನ್ನೂ ಒಂದು ತೊಡಕಿದೆ. ಜೇಮ್ಸ್ ಬಾಲ್ಡ್‌ವಿನ್ 1956ರಲ್ಲಿ ‘ಜೊವಾನಿಸ್ ರೂಮ್’ ಬರೆದರು. ಗಂಡಸರಿಬ್ಬರ ಪ್ರೇಮ, ಮುಖ್ಯ ಪಾತ್ರಗಳೆಲ್ಲ ಬಿಳಿಯರು. ಬಾಲ್ಡ್‌ವಿನ್ ಕಪ್ಪು ಲೇಖಕ. ಅವರ ಹಿಂದಿನ ಪ್ರಕಾಶಕರು ಇದನ್ನು ಬೇಡ ಅಂದರು. ಕಪ್ಪು ಲೇಖಕ ಕಪ್ಪು ಜನರ ಬಗ್ಗೆಯೇ ಬರೆಯಲಿ ಎಂಬುದು ಆಗಿನ ನಿರೀಕ್ಷೆ. ಗುರುತನ್ನು ಒಂದೊಂದಾಗಿ ತಾಳೆ ನೋಡಲು ಹೊರಟರೆ ಈ ಪುಸ್ತಕ ಯಾವ ಲೆಕ್ಕಕ್ಕೆ ಸೇರುತ್ತದೆ? ಮನುಷ್ಯನೊಳಗೆ ಒಂದೇ ಗುರುತು ಇರುವುದಿಲ್ಲ. ಒಂದನ್ನು ಹೇಳಲು ಇನ್ನೊಂದನ್ನು ಬದಿಗಿಡಬೇಕಾಗಿ ಬರಬಹುದು. ಆ ಆಯ್ಕೆ ಬರೆಯುವವರದ್ದು.

ಕನ್ನಡದ ‘ನಾನು’

ನಮ್ಮ ಭಾಷೆಯಲ್ಲಿ ಒಂದು ವಿಶೇಷವಿದೆ. ದಿನಾ ಆಡುತ್ತೇವೆ, ಗಮನಕ್ಕೆ ಬರುವುದಿಲ್ಲ. ಈ ಸಾಲುಗಳನ್ನು ನೋಡಿ: ‘ಬಾಗಿಲ ಬಳಿ ನಿಂತೆ. ಒಳಗೆ ಹೋಗಲಾ ಬೇಡವಾ ಅಂತ ಯೋಚಿಸಿದೆ. ಹೋದೆ. ಅವರು ತಲೆಯೆತ್ತಿ ನಕ್ಕರು.’ ನಿಂತದ್ದು ಗಂಡೋ ಹೆಣ್ಣೋ? ನಕ್ಕದ್ದು ಯಾರು? ಗೊತ್ತಾಗುವುದಿಲ್ಲ. ಕನ್ನಡದ ‘ನಾನು’ ತನ್ನ ಲಿಂಗ ಹೇಳುವುದಿಲ್ಲ. ‘ಅವನು’, ‘ಅವಳು’ ಹೇಳುತ್ತವೆ. ಮರ್ಯಾದೆಯ ‘ಅವರು’ ಮತ್ತೆ ಮುಚ್ಚಿಡುತ್ತದೆ. ಇದೇ ಸಾಲುಗಳನ್ನು ಹಿಂದಿಗೆ ತರುವವರು ಮೊದಲ ಪದಕ್ಕೇ ಸಿಕ್ಕಿಬೀಳುತ್ತಾರೆ. ‘ಖಡಾ ಹುವಾ’ ಎನ್ನಬೇಕೋ ‘ಖಡೀ ಹುಯೀ’ ಎನ್ನಬೇಕೋ? ‘ಗಯಾ’ ಅಥವಾ ‘ಗಯೀ’, ಯಾವುದೋ ಒಂದನ್ನು ಆರಿಸಲೇಬೇಕು.

ಬೇರೆ ಭಾಷೆಗಳಲ್ಲಿ ಇದನ್ನು ಸಾಧಿಸಲು ಲೇಖಕರು ತುಂಬಾ ಶ್ರಮಪಟ್ಟಿದ್ದಾರೆ. ಆನ್ ಗರೇಟಾ 1986ರಲ್ಲಿ ಫ್ರೆಂಚಿನಲ್ಲಿ ‘ಸ್ಫಿಂಕ್ಸ್’ ಬರೆದಾಗ, ಪ್ರೀತಿಸುವ ಇಬ್ಬರ ಲಿಂಗವೂ ಕೊನೆಯವರೆಗೆ ಗೊತ್ತಾಗದ ಹಾಗೆ ನೋಡಿಕೊಂಡರು. ಅದಕ್ಕಾಗಿ ಲಿಂಗ ಬಿಟ್ಟುಕೊಡುವ ಕ್ರಿಯಾಪದದ ರೂಪಗಳನ್ನೆಲ್ಲ ತಪ್ಪಿಸಬೇಕಾಯಿತು. ಜೀನೆಟ್ ವಿಂಟರ್ಸನ್ 1992ರ ‘ರಿಟನ್ ಆನ್ ದ ಬಾಡಿ’ಯಲ್ಲಿ ಕತೆ ಹೇಳುವವರಿಗೆ ಹೆಸರನ್ನೂ ಕೊಡಲಿಲ್ಲ, ಲಿಂಗವನ್ನೂ ಕೊಡಲಿಲ್ಲ. ಕನ್ನಡದಲ್ಲಿ ಈ ಬಾಗಿಲು ಮೊದಲಿನಿಂದ ತೆರೆದೇ ಇದೆ.

ರಾಮನಾಥ ಅಂಕಿತದ ಪ್ರಸಿದ್ಧ ವಚನವನ್ನು ಎಷ್ಟೋ ಜನ ಈ ಚರ್ಚೆಯಲ್ಲಿ ಎತ್ತುತ್ತಾರೆ. ಮೊಲೆ ಮುಡಿ ಬಂದರೆ ಹೆಣ್ಣು ಅನ್ನುತ್ತಾರೆ, ಗಡ್ಡ ಮೀಸೆ ಬಂದರೆ ಗಂಡು ಅನ್ನುತ್ತಾರೆ, ನಡುವೆ ಸುಳಿವ ಆತ್ಮ ಎರಡೂ ಅಲ್ಲ ಎನ್ನುವ ವಚನ. ಅದು ಮಾತಾಡುತ್ತಿರುವುದು ಆತ್ಮದ ಬಗ್ಗೆ, ಭಕ್ತಿಯ ಬಗ್ಗೆ. ಇವತ್ತಿನ ಲೈಂಗಿಕ ಗುರುತಿಗೆ ಅದನ್ನು ಪ್ರಮಾಣಪತ್ರ ಮಾಡಿಕೊಳ್ಳುವುದು ಸರಿಯಲ್ಲ. ಆದರೆ ಅದರ ಕ್ರಿಯಾಪದ ನೋಡಿ: ‘ಎಂಬರು’. ಹೆಣ್ಣು, ಗಂಡು ಎನ್ನುವವರು ಹೊರಗಿನವರು. ಹೆಸರಿಡುವವರು ಬೇರೆ, ಒಳಗೆ ಇರುವುದು ಬೇರೆ ಎಂಬ ಅರಿವು ನಮ್ಮ ಭಾಷೆಗೆ ಹಳೆಯದು.

ಹೊಸ ಕಾಲಕ್ಕೆ ಬಂದರೆ, 2013ರಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಬಂತು, ಸಲಿಂಗಿ ಗಂಡಸಿನ ಬದುಕಿನ ಕತೆಗಳು. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ನನ್ನು ಎತ್ತಿಹಿಡಿದು, ಸಲಿಂಗ ಸಂಬಂಧ ಮತ್ತೆ ಅಪರಾಧವಾಯಿತು. ವಯಸ್ಕರ ಒಪ್ಪಿತ ಸಂಬಂಧದ ಮಟ್ಟಿಗೆ ಆ ಸೆಕ್ಷನ್ ಬಿದ್ದದ್ದು 2018ರ ಸೆಪ್ಟೆಂಬರ್ 6ರಂದು. ಗಮನಿಸಬೇಕಾದ್ದು ಏನೆಂದರೆ, ಮೋಹನಸ್ವಾಮಿಯ ಮೊದಲ ಕತೆ ಪತ್ರಿಕೆಯಲ್ಲಿ ಬಂದಾಗ ಅದರ ಮೇಲೆ ಲೇಖಕರ ಹೆಸರಿರಲಿಲ್ಲ, ಬೇರೊಂದು ಹೆಸರಿತ್ತು. ಆಮೇಲೆ ಅವರು ತಮ್ಮ ಹೆಸರಿನಲ್ಲೇ ಪುಸ್ತಕ ತಂದರು, ಬಹಿರಂಗವಾಗಿ ಮಾತನಾಡಿದರು. ಆ ಬೇರೊಂದು ಹೆಸರಿನ ಮರೆ ಇಲ್ಲದಿದ್ದರೆ ಮೊದಲ ಕತೆ ಬರುತ್ತಿತ್ತೇ? ಮರೆಯಲ್ಲಿ ನಿಂತು ಬರೆದದ್ದು ಹೇಡಿತನ ಅಲ್ಲ. ಬಯಲಿಗೆ ಬರುವ ದಾರಿಯಲ್ಲಿ ಅದೂ ಒಂದು ಮೆಟ್ಟಿಲು.

ಆತ್ಮಕತೆಯ ಮಾತು ಬೇರೆ

ಕತೆಯ ‘ನಾನು’ಗೆ ಇರುವ ಸಲಿಗೆ ಆತ್ಮಕತೆಯ ‘ನಾನು’ಗೆ ಇಲ್ಲ. ಎ. ರೇವತಿಯವರ ಆತ್ಮಕತೆ 2010ರಲ್ಲಿ ಇಂಗ್ಲಿಷಿನಲ್ಲಿ ಬಂತು, ‘ಬದುಕು ಬಯಲು’ ಎಂದು ಕನ್ನಡಕ್ಕೂ ಬಂತು. ಗಂಡು ಮಗು ಎಂದು ಮನೆಯವರು ಬೆಳೆಸಿದ ಜೀವ ತಾನು ಹೆಣ್ಣು ಎಂದು ಕಂಡುಕೊಂಡ ಕತೆ ಅದು. ಅಲ್ಲಿ ‘ಇದು ನನಗೆ ಆದದ್ದು’ ಎಂಬ ಮಾತೇ ಪುಸ್ತಕದ ಬೆನ್ನೆಲುಬು. ಓದುಗ ಅದನ್ನು ನಂಬಿ ಓದುತ್ತಾನೆ, ಆ ನಂಬಿಕೆಗೆ ಲೇಖಕಿ ಹೊಣೆ. ಕತೆ, ಕಾದಂಬರಿಯಲ್ಲಿ ಈ ಒಪ್ಪಂದ ಇಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

ಕಾನೂನಿನಲ್ಲೂ ಇದೇ ಎಳೆದಾಟ ಕಾಣುತ್ತದೆ. 2014ರ ಏಪ್ರಿಲ್ 15ರಂದು ನಮ್ಮ ಸುಪ್ರೀಂ ಕೋರ್ಟ್ ಕೊಟ್ಟ ನಾಲ್ಸಾ ತೀರ್ಪು, ತನ್ನ ಲಿಂಗತ್ವ ಯಾವುದೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದ್ದೇ ಎಂದಿತು. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪ್ರಮಾಣಪತ್ರ ಕೇಳಿತು. ಸಮುದಾಯದವರು ಬೀದಿಗಿಳಿದದ್ದು ಇದೇ ಕಾರಣಕ್ಕೆ. ನಡುವೆ, 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ಲೈಂಗಿಕ ಒಲವು ಅದರ ತಿರುಳಿನಲ್ಲೇ ಇದೆ ಎಂದೂ ಹೇಳಿತು. ಇವನ್ನು ಜೋಡಿಸಿ ಓದಿದರೆ ಒಂದು ಮಾತು ಸ್ಪಷ್ಟ. ಹೇಳಿಕೊಳ್ಳುವುದು ಹೇಗೆ ಹಕ್ಕೋ, ಹೇಳಿಕೊಳ್ಳದೆ ಇರುವುದೂ ಹಾಗೆಯೇ ಹಕ್ಕು.

ಮುಂದೆ ಏನಾಗುತ್ತದೆ

ಮುಚ್ಚಿಡಿ ಅನ್ನುವ ಒತ್ತಡ ಗೆದ್ದ ಕಡೆ ಪ್ರಕಾಶಕರು ಮೊದಲು ಕೈಬಿಡುವುದು ಮಕ್ಕಳ ಮತ್ತು ಹದಿಹರೆಯದವರ ಪುಸ್ತಕಗಳನ್ನು. ಕಾನೂನು, ಶಾಲೆ, ಪೋಷಕರು ಎಲ್ಲರ ಕಣ್ಣಿರುವುದು ಅಲ್ಲೇ. ಪರಿಣಾಮ ಎಂಟು ಹತ್ತು ವರ್ಷ ಆದ ಮೇಲೆ ಕಾಣುತ್ತದೆ. ತನ್ನಂಥವರು ಕತೆಯಲ್ಲಿ ಇದ್ದಾರೆ ಎಂದು ಗೊತ್ತೇ ಆಗದೆ ಬೆಳೆದ ಓದುಗರು, ಮುಂದೆ ತಾವೇ ಬರೆಯಬಹುದು ಎಂದು ಊಹಿಸುವುದು ಕಷ್ಟ.

ತೋರಿಸಿ ಅನ್ನುವ ಒತ್ತಡ ಗೆದ್ದ ಕಡೆ ಆಗುವುದು ಬೇರೆ. ಟೀಕೆಗೆ ಹೆದರಿದ ಲೇಖಕರು ತಮ್ಮ ಕಾದಂಬರಿಯಿಂದ ಇಂಥ ಪಾತ್ರಗಳನ್ನೇ ತೆಗೆದುಬಿಡುತ್ತಾರೆ. ಇನ್ನು ಕೆಲವರು ಸಿದ್ಧರಿಲ್ಲದಿದ್ದರೂ ಗುಟ್ಟು ಬಿಟ್ಟುಕೊಡುತ್ತಾರೆ. ಬಹಿರಂಗವಾಗಿ ಹೇಳಿಕೊಂಡವರಿಗೂ ನೆಮ್ಮದಿಯಿಲ್ಲ. ಅವರು ಮಳೆಯ ಬಗ್ಗೆ ಬರೆದರೂ, ಅಪ್ಪನ ಸಾವಿನ ಬಗ್ಗೆ ಬರೆದರೂ ಪ್ರಶ್ನೆ ಅದೊಂದೇ. ಚುಗ್ತಾಯಿಯವರಿಗೆ ಆದದ್ದು ಇವರಿಗೂ ಆಗುತ್ತದೆ.

ಎರಡನೇ ಗುಂಪಿನ ಬೇಡಿಕೆಯಲ್ಲಿ ಉಳಿಸಿಕೊಳ್ಳಬೇಕಾದ್ದೂ ಇದೆ. ಪ್ರಕಾಶಕರು ಯಾರ ಪುಸ್ತಕಕ್ಕೆ ದುಡ್ಡು ಹಾಕುತ್ತಾರೆ, ಸಂಪಾದಕರ ಕುರ್ಚಿಯಲ್ಲಿ ಯಾರು ಕೂತಿದ್ದಾರೆ, ಅನುವಾದಕ್ಕೆ ಯಾವ ಪುಸ್ತಕ ಆಯ್ಕೆಯಾಗುತ್ತದೆ ಎಂದು ಕೇಳುವುದು ಸರಿಯಾದ ಪ್ರಶ್ನೆ. ಅದನ್ನು ಕೇಳಬೇಕಾದ್ದು ಸಂಸ್ಥೆಗಳಿಗೆ. ಒಬ್ಬೊಬ್ಬ ಲೇಖಕರನ್ನೇ ನಿಲ್ಲಿಸಿಕೊಂಡು ನಿನ್ನ ಗುರುತು ಏನು ಎಂದರೆ ಸಂಸ್ಥೆಗಳು ಸದ್ದಿಲ್ಲದೆ ತಪ್ಪಿಸಿಕೊಳ್ಳುತ್ತವೆ.

ಕ್ಲೇರ್ ಮಾರ್ಗನ್‌ಗೆ ಬಂದ ಪತ್ರಗಳು

1952ರಲ್ಲಿ ಅಮೆರಿಕದಲ್ಲಿ ‘ದ ಪ್ರೈಸ್ ಆಫ್ ಸಾಲ್ಟ್’ ಎಂಬ ಕಾದಂಬರಿ ಬಂತು. ಲೇಖಕಿಯ ಹೆಸರು ಕ್ಲೇರ್ ಮಾರ್ಗನ್. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಅಲ್ಲಿಗೆ ಬರುವ ಶ್ರೀಮಂತ ಹೆಂಗಸು, ಇಬ್ಬರ ನಡುವೆ ಪ್ರೀತಿ. ಆ ಕಾಲದ ನಿಯಮಕ್ಕೆ ವಿರುದ್ಧವಾಗಿ ಕೊನೆಯಲ್ಲಿ ಯಾರೂ ಸಾಯುವುದಿಲ್ಲ. ಇಬ್ಬರಿಗೂ ಮುಂದೆ ಜೊತೆಯಾಗಿ ಬದುಕುವ ಆಸೆ ಉಳಿಯುತ್ತದೆ. ಪೇಪರ್‌ಬ್ಯಾಕ್ ಬಂದ ಮೇಲೆ ಪ್ರಕಾಶಕರ ವಿಳಾಸಕ್ಕೆ ಪತ್ರಗಳು ಬರತೊಡಗಿದವು. ವಾರಕ್ಕೆರಡು ಸಲ ಹತ್ತು ಹದಿನೈದು ಪತ್ರಗಳ ಕಟ್ಟು, ತಿಂಗಳುಗಟ್ಟಲೆ. ಹೆಂಗಸರು ಬರೆದರು, ಗಂಡಸರೂ ಬರೆದರು. ನಮ್ಮಂಥವರ ಕತೆ ಸಾವಿನಲ್ಲಿ ಮುಗಿಯದೆ ಇದ್ದದ್ದು ಇದೇ ಮೊದಲು, ನಾವೆಲ್ಲ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲ ಎಂದು ಬರೆದಿದ್ದರು.

ಕ್ಲೇರ್ ಮಾರ್ಗನ್ ಎಂಬುವರು ಇರಲೇ ಇಲ್ಲ. ಅದು ಪೆಟ್ರೀಶಿಯಾ ಹೈಸ್ಮಿತ್ ಇಟ್ಟುಕೊಂಡ ಹೆಸರು. ಅವರು ಆ ಪುಸ್ತಕದ ಮೇಲೆ ತಮ್ಮ ಸ್ವಂತ ಹೆಸರು ಹಾಕಿದ್ದು 1990ರಲ್ಲಿ, 38 ವರ್ಷ ಕಳೆದ ಮೇಲೆ. ಅಷ್ಟೂ ವರ್ಷ ಪತ್ರ ಬರೆದವರಿಗೆ ತಾವು ಬರೆಯುತ್ತಿರುವುದು ಯಾರಿಗೆ ಎಂದು ಗೊತ್ತಿರಲಿಲ್ಲ. ಅವರಲ್ಲಿ ಎಷ್ಟೋ ಜನ ಇನ್ಯಾರಿಗೂ ಹೇಳದ ಮಾತನ್ನು ಆ ಹೆಸರಿಗೆ ಹೇಳಿಕೊಂಡಿದ್ದರು.